ಅಕ್ಕಿಯ ಧಾರಣೆ ಏರಿದಾಗ ನಮ್ಮ ಗದ್ದೆಗಳು



ಅಕ್ಕಿ, ಬೇಳೆ, ತರಕಾರಿಗಳ ಧಾರಣೆ ಏರಿತೆಂಬ ಮಾತು ಈಗ ಎಲ್ಲ ಮನೆಗಳಲ್ಲಿಯೂ ಕೇಳಿಬರುತ್ತದೆ. ಪೇಟೆಯವರು ಹಾಗೆನ್ನುವುದು ಸಹಜ. ಗದ್ದೆಯಿರುವ ರೈತನೂ ಅದೇ ಮಾತನ್ನಾಡುವುದು ಮಾತ್ರ ಯೋಚಿಸತಕ್ಕ ವಿಷಯ. ಧಾರಣೆ ಏರಿದರೆ ಬೆಳೆದವನಿಗೆ ಲಾಭವಾಗಬೇಕಷ್ಟೆ! ನಮ್ಮಲ್ಲಿ ಹಾಗಾಗುತ್ತಿಲ್ಲ. ಗದ್ದೆಯನ್ನು ಪಾಳು ಬಿಟ್ಟವರು ಅಕ್ಕಿಯನ್ನು ಕೊಂಡು ಉಣ್ಣುತ್ತಾರೆ. ಬೆಳೆದವರಲ್ಲಿ ಅನೇಕರು ಭತ್ತವನ್ನು ಕಣದಿಂದಲೇ ವ್ಯಾಪಾರಿಗೆ ಕೊಟ್ಟು, ನಾಲ್ಕು ತಿಂಗಳ ಮೇಲೆ ಅಂಗಡಿಯಿಂದ ಅಕ್ಕಿ ತರುತ್ತಾರೆ.

ಹಣವಿದ್ದರೆ ಅಕ್ಕಿ ಯಾವಾಗಲೂ ಸಿಕ್ಕೀತೆಂದು ಹೇಳುವವರುಂಟು. ೨೦೨೩ರ ಜುಲೈ ತಿಂಗಳನ್ನು ಅವರು ನೆನೆಯಬೇಕು. ಆ ತಿಂಗಳ ೨೦ರಂದು ಕೇಂದ್ರ ಸರಕಾರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ತಡೆಯಿತು. ತಡೆ ತೆಗೆದದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಅದೇ ಜುಲೈಯಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ೫ ಕಿಲೋ ಅಕ್ಕಿ ಒದಗದೆ, ರಾಜ್ಯ ಸರಕಾರವು ಕಿಲೋಗೆ ೩೪ ರೂಪಾಯಿಯಂತೆ ತಲೆಗೆ ೧೭೦ ರೂಪಾಯಿ ಹಣವನ್ನೇ ಕೊಡಬೇಕಾಯಿತು. ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದ್ದೂ ಆಗಲೇ. ನಮ್ಮ ಜಿಲ್ಲೆಗೆ ಇನ್ನೊಂದು ತೊಡಕುಂಟು. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಸಂಪಾಜೆ ಘಟ್ಟದ ರಸ್ತೆ ಕಡಿದುಹೋದಾಗ, ಲಾರಿಯನ್ನು ನಂಬಿದ ಅಡಿಗೆಮನೆಯ ಸ್ಥಿತಿ ಏನೆಂಬುದು ಎಲ್ಲರಿಗೂ ತಿಳಿಯಿತು.

ಹಿಂದಿನವರು ಕೊಡಗಿನ ಭೂಮಿಯನ್ನು ಗದ್ದೆಯನ್ನು ನಡುವಿಟ್ಟೇ ಲೆಕ್ಕ ಹಾಕಿದ್ದರು. ಬಾಣೆ ಎಂಬುದೇ ಗದ್ದೆಗೆ ಸೇರಿದ ಜಮೀನು. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಗಳಿಗೆ ಮೇವು ಒದಗಲೆಂದು ಗದ್ದೆಯ ವರ್ಗದೊಡನೆ ಅದನ್ನು ಬಿಟ್ಟುಕೊಟ್ಟಿದ್ದರು. ೧೮೯೯ರ ಕೊಡಗು ಭೂಕಂದಾಯ ಶಾಸನದಲ್ಲಿಯೂ ಅದು ಹಾಗೆಯೇ ಇತ್ತು. ಇಂದು ಆ ಬಾಣೆಯಲ್ಲಿ ಕಾಫಿಯಿದೆ, ಗದ್ದೆಯಲ್ಲಿ ಹುಲ್ಲಿದೆ. ೨೦೨೪-೨೫ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿದ್ದರಿಂದ ಗದ್ದೆಯ ಮಾತೆತ್ತಿದರೆ ನಗುವವರೂ ಉಂಟು. ಇಸವಿ ೨೦೦೦ದ ಆಚೀಚೆ ಕಾಫಿಯ ಬೆಲೆ ಕುಸಿದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ಹೋದುದನ್ನು ಮನೆಯ ಹಿರಿಯರಲ್ಲಿ ಕೇಳಿದರೆ ಹೇಳುವರು.

ಗದ್ದೆ ಪಾಳು ಬಿದ್ದುದಕ್ಕೆ ರೈತನನ್ನು ದೂರುವುದು ನ್ಯಾಯವಲ್ಲ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೆಚ್ಚು. ಪೈರು ಹಾಲುತುಂಬುವ ಹೊತ್ತಿಗೆ ಆನೆ ಬರುತ್ತದೆ. ಇವೆರಡೂ ಸುಳ್ಳಲ್ಲ. ಆದರೆ ಒಂದು ಬಯಲಿನಲ್ಲಿ ಹತ್ತು ಗದ್ದೆಗಳಿದ್ದು ಎರಡರಲ್ಲಿ ಮಾತ್ರ ಪೈರಿದ್ದರೆ ಆನೆ, ಹಂದಿ, ಹಕ್ಕಿ ಎಲ್ಲವೂ ಆ ಎರಡಕ್ಕೇ ಇಳಿಯುತ್ತವೆ, ಕಾವಲಿನ ಹೊರೆಯೂ ಇಬ್ಬರ ಮೇಲೆಯೇ ಬೀಳುತ್ತದೆ. ಬಯಲಿನವರೆಲ್ಲ ಕೂಡಿ ಒಂದೇ ವಾರದಲ್ಲಿ ಅಗೆ ಹಾಕಿ, ಒಂದೇ ಹೊತ್ತಿಗೆ ನಾಟಿ ಮುಗಿಸಿದರೆ ಕೊಯ್ಲೂ ಒಟ್ಟಿಗೆ ಬರುವುದು, ಕಾವಲನ್ನು ಸರದಿಯಂತೆ ಹಂಚಿಕೊಳ್ಳಬಹುದು. ನಾಟಿಯ ಯಂತ್ರವನ್ನು ಬಾಡಿಗೆಗೆ ಕರೆಸಲೂ ಇದೇ ಅನುಕೂಲ. ಅರ್ಧ ಎಕರೆಗೆಂದು ಯಾರೂ ಯಂತ್ರ ತರುವುದಿಲ್ಲ. ಯಂತ್ರ ಇಳಿಯದ ಕೆಸರು ಗದ್ದೆಗಳಿಗೆ ಹಳೆಯ ಮುಯ್ಯಾಳಿನ ಪದ್ಧತಿಯೇ ಸರಿ.

ಶುಂಠಿಗೆ ಗದ್ದೆಯನ್ನು ಗುತ್ತಿಗೆ ಕೊಡುವವರಿಗೆ ಒಂದು ಮಾತು. ಗುತ್ತಿಗೆಯ ಹಣ ಒಂದೇ ಸಲ ಕೈಗೆ ಬರುವುದು ನಿಜ. ಗೆಡ್ಡೆ ಕೊಳೆಯುವ ರೋಗ ಮಣ್ಣಿನಲ್ಲಿ ಉಳಿದು, ಕೆಲವು ವರ್ಷ ಅಲ್ಲಿ ಮತ್ತೆ ಶುಂಠಿ ಬೆಳೆಯಲಾಗುವುದಿಲ್ಲ. ಗುತ್ತಿಗೆದಾರ ಬೇರೆ ಗದ್ದೆ ನೋಡಿಕೊಂಡು ಹೋಗುತ್ತಾನೆ. ಒಡೆದ ಏರಿಗಳನ್ನು ಕಟ್ಟುವ ಖರ್ಚು ಮಾತ್ರ ನಿಮ್ಮದು. ಏರಿ ಕಟ್ಟಿದ ಗದ್ದೆ ಮಳೆಗಾಲದ ನೀರನ್ನು ತಡೆದು ಇಂಗಿಸುವುದರಿಂದಲೇ ಕೆಳಗಿನ ಬಾವಿ, ತೋಡುಗಳಲ್ಲಿ ಬೇಸಿಗೆಗೆ ನೀರು ನಿಲ್ಲುವುದು. ನೆರೆಯ ಕೇರಳದವರು ಗದ್ದೆಗಳನ್ನು ಕಳೆದುಕೊಂಡು ಕಷ್ಟಪಟ್ಟ ಮೇಲೆ, ೨೦೦೮ರಲ್ಲಿ ಗದ್ದೆ ಮತ್ತು ಜೌಗು ಭೂಮಿಯನ್ನು ಕಾಯಲು ಕಾನೂನನ್ನೇ ಮಾಡಬೇಕಾಯಿತು.

ಇನ್ನು ಲೆಕ್ಕಕ್ಕೆ ಬರೋಣ. ೨೦೨೫-೨೬ರ ಸಾಲಿಗೆ ಕೇಂದ್ರ ಸರಕಾರವು ಸಾಮಾನ್ಯ ಭತ್ತಕ್ಕೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ೨,೩೬೯ ರೂಪಾಯಿ. ಕ್ವಿಂಟಲ್ ಭತ್ತಕ್ಕೆ ೬೭ ಕಿಲೋ ಅಕ್ಕಿ ಎಂಬುದು ಸರಕಾರದ ಲೆಕ್ಕ. ಊರಿನ ಸಣ್ಣ ಗಿರಣಿಯಲ್ಲಿ ನುಚ್ಚು ಹೆಚ್ಚಾಗುವುದರಿಂದ ನಾವು ೬೦ ಕಿಲೋ ಎಂದೇ ಹಿಡಿಯೋಣ. ಕಿಲೋಗೆ ೫೦ ರೂಪಾಯಿಯಂತೆ ಮಾರಿದರೆ ೩,೦೦೦ ರೂಪಾಯಿ. ಗಿರಣಿಯ ಕೂಲಿ, ಚೀಲ, ಸಾಗಾಣಿಕೆಗೆ ೩೦೦ ತೆಗೆದರೂ ೨,೭೦೦ ಉಳಿಯಿತು. ಭತ್ತವಾಗಿ ಮಾರಿದುದಕ್ಕಿಂತ ೩೩೧ ರೂಪಾಯಿ ಹೆಚ್ಚು. ೨೦ ಕ್ವಿಂಟಲಿಗೆ ೬,೬೨೦. ಬೆಂಬಲ ಬೆಲೆಯೂ ಸಿಗದೆ ಕಣದಲ್ಲೇ ಕಡಿಮೆಗೆ ಕೊಡುವವರಿಗೆ ವ್ಯತ್ಯಾಸ ಇನ್ನೂ ದೊಡ್ಡದು. ತವುಡು ದನಕ್ಕೆ, ನುಚ್ಚು ಕೋಳಿಗೆ, ಒಳ್ಳೆಯ ತರಿ ಮನೆಯ ಕಡಂಬುಟ್ಟಿಗೆ. ಈ ಹಣ ಕಾಫಿಗೆ ಸಮನೆಂದು ನಾನು ಹೇಳುವುದಿಲ್ಲ, ಸಮನಲ್ಲ. ಮನೆಯ ವರ್ಷದ ಅಕ್ಕಿಯನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಹೀಗೆ ಮಾರಿದರೆ, ಧಾರಣೆ ಏರಿದ ವರ್ಷ ನೀವು ಕೊಳ್ಳುವವರ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಕೊಳ್ಳುವವರು ಎಲ್ಲಿ ಎಂದು ಕೇಳುವಿರಿ. ಅಕ್ಕಿಯೊಟ್ಟಿ, ನೂಪುಟ್ಟು ಬಯಸಿ ಬರುವ ಪ್ರವಾಸಿಗಳಿಗಾಗಿ ಊರೂರಿಗೂ ಹೋಂಸ್ಟೇಗಳಾಗಿವೆ. ಅಲ್ಲಿ ಬಡಿಸುವ ಒಟ್ಟಿಯ ಅಕ್ಕಿ ಬಹುಮಟ್ಟಿಗೆ ಹೊರಗಿನದು! ಸಂಬಳದವರ ಮನೆಗಳು, ಊಟದ ಹೋಟೆಲುಗಳು, ಮದುವೆಯ ಮನೆಗಳು ಇವೆ. ಸಂತೆಗೆ ಹೊತ್ತುಕೊಂಡು ಹೋಗಿ ಕಾಯುವುದಕ್ಕಿಂತ, ನಾಲ್ಕೈದು ರೈತರು ಸೇರಿ ಬಿತ್ತನೆಗೆ ಮೊದಲೇ ಇಂಥವರನ್ನು ಕಂಡು, ಯಾವ ತಳಿ, ಎಷ್ಟು ಕ್ವಿಂಟಲ್, ಯಾವ ತಿಂಗಳು, ಏನು ಬೆಲೆ ಎಂಬುದನ್ನು ಚೀಟಿಯಲ್ಲಿ ಬರೆದು ಎರಡೂ ಕಡೆ ಇಟ್ಟುಕೊಳ್ಳುವುದು ಮೇಲು. ಒಬ್ಬನ ಬೆಳೆ ಕೆಟ್ಟರೆ ಉಳಿದವರು ತುಂಬಿಕೊಡಬಹುದು.

ಕೊಯ್ಲಾದ ಮೇಲೆ ಗದ್ದೆಯನ್ನು ಖಾಲಿ ಬಿಡಬೇಕಾಗಿಲ್ಲ. ಶನಿವಾರಸಂತೆಯ ಕಡೆಯವರು ಭತ್ತ ತೆಗೆದ ಗದ್ದೆಯಲ್ಲಿ ಹಸಿಮೆಣಸಿನಕಾಯಿ ಬೆಳೆಯುವುದು ನಿಮಗೆ ಗೊತ್ತಿದೆ. ತೇವ ನಿಲ್ಲುವ ಕೆಳಗಿನ ಗದ್ದೆಗಳಲ್ಲಿ ಅಲಸಂದೆ, ಬೀನ್ಸ್, ಸೌತೆ ಬರುತ್ತವೆ. ಅಲಸಂದೆಯ ಬೇರು ಮಣ್ಣಿಗೂ ಒಳ್ಳೆಯದು. ಶಾಲೆಯ ಬಿಸಿಯೂಟಕ್ಕೆ ತರಕಾರಿಯನ್ನು ಊರಿನಲ್ಲೇ ಕೊಳ್ಳುತ್ತಾರೆ. ಮುಖ್ಯೋಪಾಧ್ಯಾಯರನ್ನು ಒಮ್ಮೆ ಮಾತನಾಡಿಸಿ ನೋಡಿ.

ನಮ್ಮೂರ ಅಕ್ಕಿಯೆಂಬ ಅಭಿಮಾನದಿಂದ ಜನ ಒಂದು ಸಲ ಕೊಂಡಾರು. ಕಲ್ಲು, ನುಚ್ಚು ಕಂಡರೆ ಎರಡನೆಯ ಸಲ ಕೊಳ್ಳರು. ಆದುದರಿಂದ ಒಣಗಿಸುವ ಕೆಲಸದಲ್ಲಿ ಎಚ್ಚರ ಬೇಕು. ಕಾಫಿಯೂ ಭತ್ತವೂ ಒಂದೇ ಹೊತ್ತಿಗೆ ಕಣಕ್ಕೆ ಬರುವುದರಿಂದ ಭತ್ತವನ್ನು ರಾಶಿ ಮಾಡಿ ಮೂಲೆಗೆ ತಳ್ಳುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಬಿಟ್ಟರೆ ಬಿಸಿಯೇರಿ ಅಕ್ಕಿ ಹಳದಿಯಾಗುವುದು. ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಆಗಾಗ ಕೈಯಾಡಿಸಿ. ಬಿರುಬಿಸಿಲಿನಲ್ಲಿ ಒಂದೇ ದಿನಕ್ಕೆ ಒಣಗಿಸಿದರೆ ಕಾಳು ಬಿರಿದು ಗಿರಣಿಯಲ್ಲಿ ನುಚ್ಚಾಗುತ್ತದೆ. ಎರಡು ಮೂರು ದಿನ ಹದವಾಗಿ ಒಣಗಲಿ. ಸರಕಾರದ ಖರೀದಿ ಕೇಂದ್ರದಲ್ಲಿ ನೂರಕ್ಕೆ ೧೭ರವರೆಗೆ ತೇವ ಒಪ್ಪುತ್ತಾರೆ. ಗಿರಣಿಗೆ ೧೪ ಇರಬೇಕು. ಅಳೆಯುವ ಯಂತ್ರವಿಲ್ಲದವರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ: ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು, ಕಟ್ಟೆಂದು ಮುರಿದರೆ ನೆರಳಿನಲ್ಲಿ ಆರಿಸಿ ಚೀಲಕ್ಕೆ ತುಂಬಿ.