ಯಾವ ಓಣಿಯಲ್ಲಿ ವಸ್ತಿ?

ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೊರಟ ಬಸ್ಸು ಸ್ತವನಿಧಿ ಘಾಟು ಇಳಿಯುವ ಹೊತ್ತಿಗೆ ಅರ್ಧ ಬಸ್ಸು ಎದ್ದು ನಿಂತಿರುತ್ತದೆ. ನಿಪ್ಪಾಣಿ ಬಂತು. ಹೊಸಬರ ಮುಖ ನೋಡಿದ ಕೂಡಲೇ ಕಂಡಕ್ಟರನಿಗೆ ಗೊತ್ತಾಗುತ್ತದೆ. "ಎಲ್ಲಿ ಇಳಿತೀರಿ ಕಾಕಾ, ನಾಕಾದಾಗೋ ಸ್ಟ್ಯಾಂಡಿನಾಗೋ?" ಈ ಒಂದು ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನಿಮ್ಮ ರಾತ್ರಿ ನಿಂತಿದೆ.

ಬೆಳಗಾವಿ ನಾಕಾದ ಕಡೆ ಇಳಿದುಕೊಂಡರೆ ಅನುಕೂಲ ಜಾಸ್ತಿ, ನಿದ್ದೆ ಕಡಿಮೆ. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳಿಗೆ ರಾತ್ರಿ ಎಂಬುದಿಲ್ಲ. ಬೆಳಗ್ಗೆ ಬೇಗ ಎದ್ದು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗುವವರಿಗೆ ಇದೇ ಸರಿ. ನಿಪ್ಪಾಣಿಯನ್ನೇ ನೋಡಬೇಕೆಂದು ಬಂದವರು ಮಾತ್ರ ಊರೊಳಗೆ, ಕೋಠಿವಾಲೆ ಕಾರ್ನರಿನ ಆಚೀಚೆಯ ಪೇಟೆಗೆ ಹತ್ತಿರವಾಗುವಂತೆ ಖೋಲಿ ಹಿಡಿಯಬೇಕು. ಇಲ್ಲಿ ಮೊದಲು ಎದುರುಗೊಳ್ಳುವುದು ವಾಸನೆ. ತಂಬಾಕಿನ ವಖಾರಗಳ ಘಾಟು ಮೂಗಿಗೆ ಅಡರಿ ಎರಡು ಸೀನು ಬಂದ ಮೇಲೆ ಊರು ನಿಮ್ಮನ್ನು ಒಪ್ಪಿಕೊಂಡಂತೆ. ಗಲ್ಲಿಯೊಳಗೆ ನಡೆದರೆ ಹೊಸ್ತಿಲ ಮೇಲೆ ಕೂತ ಹೆಣ್ಣುಮಕ್ಕಳು, ತೊಡೆಯ ಮೇಲೆ ಮೊರ, ಮೊರದಲ್ಲಿ ಬೀಡಿಗೆಂದು ಕತ್ತರಿಸಿದ ತೂಪ್ರದ ಎಲೆ ಮತ್ತು ತಂಬಾಕಿನ ಪುಡಿ. ಎಲೆಗೆ ಚಿಟಿಕೆ ಪುಡಿ ಹಾಕಿ, ಬೆರಳಲ್ಲೇ ಉರುಳಿಸಿ, ತುದಿ ಮಡಚಿ, ದಾರ ಸುತ್ತುವಷ್ಟರಲ್ಲಿ ಮುಂದಿನ ಎಲೆ ಕೈಗೆ ಬಂದಿರುತ್ತದೆ. ಕಣ್ಣು ಮಾತ್ರ ಬೀದಿಯ ಮೇಲೆ. ದಾರಿ ಕೇಳಬೇಕೆಂದರೆ ಇವರಿಗಿಂತ ಒಳ್ಳೆಯವರಿಲ್ಲ. "ಅಕ್ಕಾರ, ಅಕ್ಕೋಳ ರಸ್ತೆ ಹೆಂಗ್ರಿ?" ಎಂದು ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದರೆ ಗಾಬರಿ ಬೇಡ, ಎರಡನೇ ಮಾತಿಗೆ ಅವರೇ ಕನ್ನಡಕ್ಕೆ ಬರುತ್ತಾರೆ.

1981ರಲ್ಲಿ ರೈತ ನಾಯಕ ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ದರಕ್ಕಾಗಿ ಇದೇ ಹೆದ್ದಾರಿಯ ಮೇಲೆ ಬಿಡಾರ ಹೂಡಿ ಕೂತಿದ್ದರು. ಏಪ್ರಿಲ್‌ನಲ್ಲಿ ಗೋಲಿಬಾರಾಗಿ ರೈತರು ಸತ್ತರು. ಚಹಾದಂಗಡಿಯಲ್ಲಿ ವಯಸ್ಸಾದವರ ಪಕ್ಕ ಕೂತು ಆ ವಿಷಯ ಎತ್ತಿ ನೋಡಿ, ಚಹಾ ಆರಿಹೋಗುತ್ತದೆ, ಮಾತು ಮುಗಿಯುವುದಿಲ್ಲ. ಹೆದ್ದಾರಿ ಬದಿಯ ಲಾಡ್ಜಿನಲ್ಲಿ ಮಲಗಿ ಎದ್ದು ಹೋದವರಿಗೆ ಇದು ದಕ್ಕದು.

ನಿಪ್ಪಾಣಿ ತಂಬಾಕಿನ ಊರಾದರೆ ಚಿಕ್ಕೋಡಿ ಕಚೇರಿಗಳ ಊರು. ಉಪವಿಭಾಗದ ಕೇಂದ್ರ, ಜಿಲ್ಲೆ ಆಗಬೇಕೆಂಬ ಕೂಗಿಗೆ ದಶಕಗಳ ವಯಸ್ಸು. ಬಸವ ವೃತ್ತದ ಸುತ್ತ ಹಗಲೆಲ್ಲ ಕರಿಕೋಟು, ಕಡತ, ಸಾಕ್ಷಿ ಹೇಳಲು ಬಂದ ಧೋತರದ ಹಿರಿಯರು. ಸಂಜೆಯಾದರೆ ಅಷ್ಟೂ ಜನ ಹಳ್ಳಿಯ ವಸ್ತಿ ಬಸ್ಸು ಹತ್ತಿ ಖಾಲಿ. ಕೋರ್ಟಿನ ತಾರೀಖು ಇದ್ದವರಿಗೆ ಬಸ್‌ ನಿಲ್ದಾಣದ ಹತ್ತಿರದ ಖೋಲಿ ಸಾಕು. ರೈಲಿನಲ್ಲಿ ಬರುವವರಿಗೆ ಒಂದು ತಿಳಿದಿರಲಿ: ಚಿಕ್ಕೋಡಿ ರೋಡ್ ನಿಲ್ದಾಣಕ್ಕೂ ಚಿಕ್ಕೋಡಿ ಊರಿಗೂ ಹೆಸರಿನ ನಂಟಷ್ಟೇ. ರಾತ್ರಿ ಅಲ್ಲಿಳಿದು ಊರು ಎಲ್ಲಿ ಎಂದು ಹುಡುಕುವ ಸುಖ ಯಾರಿಗೂ ಬೇಡ.

ರಾಯಬಾಗಕ್ಕೆ ರೈಲುಂಟು, ಅದೇ ಅದರ ಭಾಗ್ಯ. ಪಕ್ಕದ ಚಿಂಚಲಿಯಲ್ಲಿ ಮಾಘ ಮಾಸದ ಮಾಯಕ್ಕನ ಜಾತ್ರೆ ನಡೆದಾಗ ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಆಗ ಖೋಲಿಯ ಮಾತೇ ಇಲ್ಲ, ಹೊಲದಲ್ಲೇ ಬಿಡಾರ. ಕಾಗವಾಡದ ಕಥೆ ಬೇರೆ. ಗಡಿಯಾಚೆಯ ಮಿರಜ ಕೂಗಳತೆಯಲ್ಲಿದೆ, ದವಾಖಾನೆಗೆ, ಸಂತೆಗೆ, ಮದುವೆ ಜವಳಿಗೆ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಬಂದ ಪರಸ್ಥಳದವರೂ ಅಲ್ಲೇ ಮಲಗುತ್ತಾರೆ. ಶೇಡಬಾಳದ ಬಸದಿ, ಮಂಗಸೂಳಿಯ ಖಂಡೋಬಾ, ಉಗಾರದ ಸಕ್ಕರೆ ಕಾರ್ಖಾನೆ, ಎಲ್ಲವೂ ಈ ಪುಟ್ಟ ತಾಲ್ಲೂಕಿನಲ್ಲೇ ಇದ್ದರೂ ರಾತ್ರಿಯ ದುಡ್ಡು ಗಡಿ ದಾಟಿ ಹೋಗುತ್ತದೆ.

ನನ್ನನ್ನು ಕೇಳಿದರೆ ಅಥಣಿ ಎನ್ನುತ್ತೇನೆ. ಅದೂ ಗಚ್ಚಿನಮಠಕ್ಕೆ ನಡೆದು ಹೋಗುವಷ್ಟು ಹತ್ತಿರ. 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಮಠ ಅದು. ಬೆಳಗಿನ ಜಾವ ಅಲ್ಲಿಗೆ ಹೋಗುವ ಹೆಂಗಸರ ಹಿಂದೆಯೇ ನಡೆದರೆ ಹಳೇ ಊರು ತಾನಾಗಿ ತೆರೆದುಕೊಳ್ಳುತ್ತದೆ. ಚಪ್ಪಲಿ ಮಾಡುವವರ ಓಣಿಗೆ ಹೋದರೆ ಟಕ್ ಟಕ್ ಎಂದು ಕಲ್ಲಿನ ಮೇಲೆ ತೊಗಲು ಬಡಿಯುವ ಸದ್ದು. ಕೊಲ್ಹಾಪುರಿ ಎಂದು ಜಗತ್ತೆಲ್ಲ ಮೆಟ್ಟುವ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕಕ್ಕೂ ಪಾಲು ಬಂತು. ಬೆಳಗಾವಿ ಜಿಲ್ಲೆಯ ಪಾಲಿನಲ್ಲಿ ದೊಡ್ಡ ಹೆಸರು ಅಥಣಿಯದೇ. ಗಂಡಸರು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾರೆ, ಹೆಂಗಸರು ಹೆಣಿಕೆ, ಹೊಲಿಗೆ ಮಾಡುತ್ತಾರೆ. ಮೊಳೆ ಹೊಡೆಯುವುದಿಲ್ಲ, ತೊಗಲಿನ ದಾರದಲ್ಲೇ ಎಲ್ಲ. ಹೊಸ ಜೋಡು ಮೆಟ್ಟಿಕೊಂಡು ಖಾನಾವಳಿಗೆ ಬಂದು ರೊಟ್ಟಿ, ಝುಣಕ, ಶೇಂಗಾ ಚಟ್ನಿ ಉಂಡರೆ ಆ ದಿನ ಸಾರ್ಥಕ.

ಎರಡು ಎಚ್ಚರಿಕೆ ಇದ್ದೇ ಇವೆ. ಕಬ್ಬಿನ ಹಂಗಾಮಿನಲ್ಲಿ ಈ ಐದೂ ಕಡೆ ರಸ್ತೆ ಬದಿಯ ಖೋಲಿ ಬೇಡ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೋಗುತ್ತವೆ. ಹಿತ್ತಲ ಕಡೆ ಕಿಟಕಿ ಇರುವ ಖೋಲಿಯನ್ನೇ ಕೇಳಿ, ಮುಂಗಡ ಕೊಡುವ ಮೊದಲು ಕಣ್ಣಾರೆ ನೋಡಿ. ಇನ್ನೊಂದು ಮಳೆಗಾಲದ್ದು. ಅಥಣಿ, ಕಾಗವಾಡ ಕೃಷ್ಣೆಯ ಒಂದು ದಂಡೆಗೆ. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಇನ್ನೊಂದು ದಂಡೆಗೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕುಡಚಿ–ಉಗಾರ ಸೇತುವೆ, ಕಲ್ಲೋಳ–ಯಡೂರ ಬಾಂದಾರ ನೀರೊಳಗೆ ಹೋಗುತ್ತವೆ, ಬಸ್ಸು ಸುತ್ತು ಹಾಕುತ್ತದೆ. ಜುಲೈ, ಆಗಸ್ಟಿನಲ್ಲಿ ಹೋಗುವವರು ಊರು, ಓಣಿ ಆಮೇಲೆ ನೋಡಿಕೊಳ್ಳಿ. ಕೆಲಸ ಯಾವ ದಂಡೆಗಿದೆಯೋ ಆ ದಂಡೆಯಲ್ಲೇ ಖೋಲಿ ಹಿಡಿಯಿರಿ.