ನಾಯಿಯ ಗರ್ಭ ನೋಡಲು ಯಾರು ಅರ್ಹರು?

ಹಸುವಿನ ಗರ್ಭಪರೀಕ್ಷೆಗೂ ನಾಯಿಯ ಗರ್ಭಪರೀಕ್ಷೆಗೂ ಬ್ರಿಟನ್ನಿನಲ್ಲಿ ಒಂದು ವಿಚಿತ್ರ ವ್ಯತ್ಯಾಸವಿದೆ. ಹಸುವಿನ ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಉಪಕರಣ ಹಾಕಿ ಗಬ್ಬ ನೋಡುವ ಕೆಲಸವನ್ನು ಪಶುವೈದ್ಯರಲ್ಲದವರು ಮಾಡಬೇಕಾದರೆ, 2010ರ ಸರಕಾರಿ ಆದೇಶದಂತೆ, ಮಾನ್ಯತೆ ಪಡೆದ ತರಬೇತಿಯನ್ನು ಮುಗಿಸಿರಲೇಬೇಕು. ಆದರೆ ನಾಯಿಯ ಹೊಟ್ಟೆಯ ಮೇಲೆ ಅಂಥದೇ ಉಪಕರಣ ಇಟ್ಟು, ‘ಗಬ್ಬವಾಗಿದೆ, ಐದು ಮರಿಗಳಿವೆ’ ಎಂದು ಹೇಳಿ ಹಣ ಪಡೆಯುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ! ಯಂತ್ರವನ್ನು ಕೊಂಡು, ಕಾರಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗುವವರು ಅಲ್ಲಿದ್ದಾರೆ. ಅವರಲ್ಲಿ ನುರಿತವರೂ ಇದ್ದಾರೆ, ಅಲ್ಪಾವಧಿಯ ಕೋರ್ಸ್ ಮುಗಿಸಿ ಬಂದವರೂ ಇದ್ದಾರೆ. ಯಾರು ಯಾರೆಂದು ನಾಯಿಯ ಯಜಮಾನನಿಗೆ ತಿಳಿಯುವುದು ಹೇಗೆ?

ಇದಕ್ಕೆ ಕಾರಣ ಅಲ್ಲಿನ ಕಾನೂನಿನಲ್ಲಿಯೇ ಇದೆ. 1966ರ ಪಶುವೈದ್ಯರ ಕಾಯಿದೆಯು ರೋಗನಿರ್ಣಯ, ಚಿಕಿತ್ಸೆ ಮತ್ತು ಶಸ್ತ್ರಕ್ರಿಯೆಗಳನ್ನು ಪಶುವೈದ್ಯರಿಗೆ ಮೀಸಲಿಟ್ಟಿದೆ. ಗರ್ಭ ರೋಗವಲ್ಲ. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡುವಾಗ ದೇಹದೊಳಗೆ ಏನನ್ನೂ ತೂರಿಸುವುದಿಲ್ಲ. ಹೀಗಾಗಿ ಈ ಕೆಲಸ ಕಾಯಿದೆಯ ಬೇಲಿಯ ಹೊರಗೆ ಉಳಿದಿದೆ. ಪಶುವೈದ್ಯ ತಪ್ಪು ಮಾಡಿದರೆ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಸ್ಥೆಗೆ ದೂರು ಕೊಡಬಹುದು. ವೈದ್ಯರಲ್ಲದ ಸ್ಕ್ಯಾನಿಂಗ್‌ನವರು ಆ ಸಂಸ್ಥೆಯ ಕೈಗೆ ಸಿಗುವವರಲ್ಲ.

ಬಿಳುಪು, ಕಪ್ಪು ಮತ್ತು ಬೂದು

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳದ ಧ್ವನಿ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದರೆ ಮನುಷ್ಯರ ಕಿವಿಗೆ ಅದು ಕೇಳದು. ನಾಯಿಯ ಹೊಟ್ಟೆ ನೋಡಲು ಬಳಸುವುದು ಸೆಕೆಂಡಿಗೆ 50 ಲಕ್ಷಕ್ಕೂ ಹೆಚ್ಚು ಕಂಪನಗಳ ಧ್ವನಿ. ಅದು ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಸ್ವಲ್ಪ ಭಾಗ ಪ್ರತಿಧ್ವನಿಯಾಗಿ ಮರಳುತ್ತದೆ. ಮರಳಲು ಹಿಡಿದ ಕಾಲವನ್ನು ಲೆಕ್ಕಹಾಕಿ ಯಂತ್ರ ಚಿತ್ರ ಕಟ್ಟುತ್ತದೆ. ಮೂಳೆ ಬೆಳ್ಳಗೆ, ದ್ರವ ಕಪ್ಪಗೆ, ಉಳಿದದ್ದು ಬೂದು. ನಡುವೆ ಗಾಳಿ ಸಿಕ್ಕರೆ ಧ್ವನಿ ಮುಂದೆ ಹೋಗದು. ಅದಕ್ಕಾಗಿಯೇ ಕೂದಲನ್ನು ಸರಿಸಿಯೋ ಕತ್ತರಿಸಿಯೋ ಲೋಳೆಯಂಥ ಜೆಲ್ ಹಚ್ಚುವುದು.

ಯಂತ್ರ ಚಿತ್ರ ಕೊಡುತ್ತದೆಯೇ ಹೊರತು ಅರ್ಥ ಹೇಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಇಣುಕಿದ ಹುಡುಗ ಗಾಳಿಗುಳ್ಳೆಯ ಚಿತ್ರ ಬರೆದು, ಈರುಳ್ಳಿಯ ಜೀವಕೋಶ ಎಂದು ಹೆಸರಿಟ್ಟು ತರುವುದನ್ನು ಯಾವ ವಿಜ್ಞಾನದ ಮೇಷ್ಟರನ್ನು ಕೇಳಿದರೂ ಹೇಳಿಯಾರು. ಅಲ್ಲಿ ಹೋಗುವುದು ಒಂದು ಅಂಕ ಮಾತ್ರ. ಇಲ್ಲಿ ಹೋಗುವುದು ಜೀವ.

ಎಲ್ಲೆಲ್ಲಿ ಎಡವಬಹುದು?

ನಾಯಿಯ ಗರ್ಭದ ಅವಧಿ ಅಂಡ ಬಿಡುಗಡೆಯಾದಂದಿನಿಂದ ಸುಮಾರು 63 ದಿನ. ಆದರೆ ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಹಲವು ದಿನ ಬದುಕಿರಬಲ್ಲದು. ಆದ್ದರಿಂದ ಕೂಡಿದ ದಿನದಿಂದ ಎಣಿಸಿದರೆ 57ರಿಂದ 72 ದಿನಗಳವರೆಗೂ ವ್ಯತ್ಯಾಸ ಬರಬಹುದು. ನಾಲ್ಕನೆಯ ವಾರದ ಹೊತ್ತಿಗೆ ಗರ್ಭಚೀಲಗಳೂ ಮಿಡಿಯುವ ಪುಟ್ಟ ಹೃದಯಗಳೂ ಚೆನ್ನಾಗಿ ಕಾಣುತ್ತವೆ. ತೀರ ಬೇಗ ನೋಡಿದವರು ‘ಇಲ್ಲ’ ಎಂದುಬಿಡುವ ಸಂಭವ ಹೆಚ್ಚು.

ಎರಡನೆಯದು ಎಣಿಕೆ. ಗರ್ಭಕೋಶದ ಎರಡು ಕೊಂಬುಗಳು ಸುರುಳಿ ಸುತ್ತಿಕೊಂಡಿರುವುದರಿಂದ ಒಂದೇ ಮರಿ ಎರಡು ಸಲ ಲೆಕ್ಕಕ್ಕೆ ಬರಬಹುದು, ಒಂದರ ಹಿಂದೆ ಇನ್ನೊಂದು ಅಡಗಿರಲೂಬಹುದು. ಸರಿಯಾದ ಎಣಿಕೆ ಬೇಕಿದ್ದರೆ ಸುಮಾರು 55 ದಿನಗಳಾದ ಮೇಲೆ ಎಕ್ಸ್-ರೇ ತೆಗೆಸಿ ತಲೆಬುರುಡೆ, ಬೆನ್ನುಮೂಳೆಗಳನ್ನು ಎಣಿಸಬೇಕು. ‘ನಾಲ್ಕೇ ಮರಿ’ ಎಂದು ಕೇಳಿದ ಯಜಮಾನ, ನಾಲ್ಕು ಹೊರಬಂದ ಕೂಡಲೇ ಹೆರಿಗೆ ಮುಗಿಯಿತೆಂದು ನಿಶ್ಚಿಂತನಾಗುತ್ತಾನೆ. ಒಳಗೆ ಸಿಕ್ಕಿಕೊಂಡ ಐದನೆಯದು ಸತ್ತು, ತಾಯಿಯ ಜೀವಕ್ಕೂ ಕುತ್ತಾಗುತ್ತದೆ.

ಮೂರನೆಯದು ದಿನಾಂಕ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಂತೆ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಸ್ಟನ್ ಟೆರಿಯರ್ ತಳಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಮೂಲಕ ಆಗುತ್ತಿದ್ದವು. ದಿನದ ಲೆಕ್ಕ ತಪ್ಪಿ ಬೇಗ ಕೊಯ್ದರೆ ಶ್ವಾಸಕೋಶ ಬಲಿಯದ ಮರಿಗಳು ಉಳಿಯುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬೆದೆ ಮುಗಿದ ಒಂದೆರಡು ತಿಂಗಳೊಳಗೆ. ಗರ್ಭಪರೀಕ್ಷೆ ಮಾಡಿಸುವುದೂ ಅದೇ ಸಮಯದಲ್ಲಿ! ಕೀವೂ ದ್ರವವೇ, ಪರದೆಯ ಮೇಲೆ ಕಪ್ಪಾಗಿಯೇ ಕಾಣುತ್ತದೆ. ತಿಳಿಯದವರು ಅದನ್ನು ಗರ್ಭಚೀಲವೆಂದುಕೊಳ್ಳಬಹುದು, ‘ಮರಿ ಇಲ್ಲ, ಸ್ವಲ್ಪ ನೀರಿದೆ’ ಎಂದು ಕಳಿಸಲೂಬಹುದು. ಎರಡರಲ್ಲೂ ಚಿಕಿತ್ಸೆ ತಡವಾಗುತ್ತದೆ. ಗರ್ಭದ ಬಾಯಿ ಮುಚ್ಚಿದ್ದರೆ ಹೊರಗೆ ಸ್ರಾವವೂ ಕಾಣದು. ನಂಜು ಏರಿ ನಾಯಿ ಸಾಯುತ್ತದೆ.

ಯಾವ ಮಟ್ಟದ ತರಬೇತಿ?

ಹಾಗೆಂದು ವೈದ್ಯರಲ್ಲದವರು ಈ ಯಂತ್ರ ಮುಟ್ಟಲೇಬಾರದೆಂದು ಹಟ ಹಿಡಿಯುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಕುರಿಗಳ ಗರ್ಭಪರೀಕ್ಷೆಯನ್ನು ವೈದ್ಯರಲ್ಲದ ಕಸುಬುದಾರರು ದಶಕಗಳಿಂದ ಮಾಡುತ್ತಿದ್ದಾರೆ. ದಿನವಿಡೀ ನೋಡಿ ಪಳಗಿದ ಕಣ್ಣಿಗೆ ಬೆಲೆ ಇದೆ. ಪಶುವೈದ್ಯ ಪದವಿ ಇದ್ದಮಾತ್ರಕ್ಕೆ ಸ್ಕ್ಯಾನಿಂಗ್ ಕರಗತವಾಗುವುದೂ ಇಲ್ಲ. ಪ್ರಶ್ನೆ ಪದವಿಯದಲ್ಲ, ಕಲಿಕೆಯದು.

ಆ ಕಲಿಕೆಯಲ್ಲಿ ಕನಿಷ್ಠ ಐದು ಸಂಗತಿಗಳಿರಬೇಕು. ಒಂದು, ಧ್ವನಿಯ ಭೌತವಿಜ್ಞಾನ ಮತ್ತು ಯಂತ್ರ ತೋರಿಸುವ ಸುಳ್ಳು ನೆರಳುಗಳ ಪರಿಚಯ. ಎರಡು, ಮೂತ್ರಕೋಶ, ಕರುಳು, ಗರ್ಭಕೋಶಗಳನ್ನು ಬೇರೆಬೇರೆಯಾಗಿ ಗುರುತಿಸುವಷ್ಟು ಅಂಗರಚನೆ. ಮೂರು, ನುರಿತವರ ಎದುರಿನಲ್ಲಿ ನಿಗದಿತ ಸಂಖ್ಯೆಯ ನಾಯಿಗಳನ್ನು ನೋಡಿ, ಬಳಿಕ ಹೊರಗಿನ ಪರೀಕ್ಷಕರಿಂದ ಪರೀಕ್ಷೆ. ನಾಲ್ಕು, ಶುಚಿತ್ವ. ಮನೆಯಿಂದ ಮನೆಗೆ ಒಯ್ಯುವ ಉಪಕರಣದ ಜತೆ ಪಾರ್ವೊ ವೈರಸ್ ಕೂಡ ಪ್ರಯಾಣ ಮಾಡಬಲ್ಲದು. ಐದನೆಯದು ಎಲ್ಲಕ್ಕಿಂತ ಮುಖ್ಯ: ತನ್ನ ಮಿತಿಯ ಅರಿವು. ಹುಟ್ಟುವ ಹೊತ್ತು ಹತ್ತಿರವಾದ ಮರಿಯ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 200ಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. 180ಕ್ಕಿಂತ ಕೆಳಗಿಳಿದರೆ ಅದು ಸಂಕಟದ ಸೂಚನೆ. ಅದನ್ನು ಕಂಡವರು ಅಭಿಪ್ರಾಯ ಹೇಳುತ್ತಾ ಕೂರದೆ, ನಾಯಿಯನ್ನು ತಕ್ಷಣ ವೈದ್ಯರಲ್ಲಿಗೆ ಕಳಿಸಬೇಕು.

ನಮ್ಮಲ್ಲಿ ಪರಿಸ್ಥಿತಿ ಬೇರೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯಂತೆ ಪಶುವೈದ್ಯ ವೃತ್ತಿ ನೋಂದಾಯಿತರದು. ಡಿಪ್ಲೊಮಾ ಇದ್ದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಕೊಡಬಹುದು, ಅಷ್ಟೆ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯಿದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರಗಳ ಮಾರಾಟದ ಮೇಲೂ ಕಣ್ಣಿದೆ. ಆದರೂ ನಾಯಿಮರಿ ಮಾರುವವರು ‘ಸ್ಕ್ಯಾನ್ ಆಗಿದೆ’ ಎಂದಾಗ ಮಾಡಿದವರು ಯಾರು ಎಂದು ಕೇಳುವುದು ಕೊಳ್ಳುವವರ ಹಕ್ಕು.

ನಾಯಿಗೆ ಬಾಯಿಲ್ಲ. ಹೊಟ್ಟೆಯಲ್ಲಿರುವುದು ಮರಿಯೋ ಕೀವೋ ಎಂದು ಅದು ಹೇಳಲಾರದು. ಅದರ ಪರವಾಗಿ ಹೇಳಲು ಹೊರಟವನು ಓದಿ, ನೋಡಿ, ಪರೀಕ್ಷೆ ಪಾಸಾಗಿ ಬಂದಿರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಹಸುವಿಗೆ ಒಪ್ಪಿದ ನಿಯಮ ನಾಯಿಗೆ ಏಕೆ ಒಗ್ಗದು?