ಸೆನ್ಸರ್ ಕಟ್ಟುವ ಮೊದಲು ಕೈ ಹೇಳುವುದು

ಕಾರನ್ನು ಜ್ಯಾಕ್ ಮೇಲೆತ್ತಿ, ಮುಂದಿನ ಚಕ್ರದ ಮೇಲ್ತುದಿಗೊಂದು ಕೈ, ಕೆಳತುದಿಗೊಂದು ಕೈ ಕೊಟ್ಟು ಅಲ್ಲಾಡಿಸಿ ನೋಡುವ ಮೆಕ್ಯಾನಿಕ್ ಸಿಕ್ಕರೆ ಆ ಅಂಗಡಿಯಲ್ಲಿ ಧೈರ್ಯವಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಗಾಡಿ ಬಂದ ಕೂಡಲೇ ಚಕ್ರಗಳಿಗೆ ಸೆನ್ಸರ್ ಕಟ್ಟಿ, ಪರದೆಯ ಕೆಂಪು ಅಂಕಿಗಳನ್ನು ಹಸಿರು ಮಾಡಿ ಕಳಿಸುವ ಕಡೆ ನನಗೆ ನಂಬಿಕೆಯಿಲ್ಲ. ಸವೆದ ಜಾಯಿಂಟಿನ ಮೇಲೆ ಕೂರಿಸಿದ ಅಂಕಿ ಮುಂದಿನ ಹಂಪ್ ದಾಟುವಷ್ಟರಲ್ಲಿ ಬದಲಾಗಿರುತ್ತದೆ.

ಅಳೆಯುವುದು ಮುಖ್ಯವಾಗಿ ಮೂರನ್ನು. ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ಓರೆಯಾಗಿರುವುದು ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದು ಟೋ. ಟೈರನ್ನು ಬೇಗ ತಿನ್ನುವುದು ಈ ಟೋ. ಸಣ್ಣ ಕಾರಿನಲ್ಲಿ ಅದು ಬರೀ 3 ಮಿ.ಮೀ. ತಪ್ಪಿದರೂ ಸಾಕು, ಪ್ರತಿ ಕಿಲೋಮೀಟರಿಗೆ ಎರಡು ಚಕ್ರಗಳೂ ಸೇರಿ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಓಡುತ್ತವೆ.

ಒಳ್ಳೆಯ ಮೇಸ್ತ್ರಿ ಮೊದಲು ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬರುತ್ತಾರೆ. ಸ್ಟೇರಿಂಗ್ ಯಾವ ಕಡೆಗೆ ಎಳೆಯುತ್ತಿದೆ, ಬ್ರೇಕ್ ಹಿಡಿದಾಗ ಮಾತ್ರವೋ ಯಾವಾಗಲೂವೋ ಎಂದು ಗಮನಿಸುತ್ತಾರೆ. ಇಳಿದ ಮೇಲೆ ಒಂದು ಚಕ್ರದ ರಿಮ್ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಅದಕ್ಕೆ ಅಲೈನ್‌ಮೆಂಟ್ ಮದ್ದಲ್ಲ. ಟೈರ್ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಬೇಕು. ಡಿಕ್ಕಿಯಲ್ಲಿ ಸಿಮೆಂಟ್ ಮೂಟೆಯಂಥ ಭಾರವಿದ್ದರೆ ಇಳಿಸಬೇಕು.

ಆಮೇಲೆ ಟೈರ್ ಸವರುವುದು. ನನಗೆ ಈ ಕಸುಬಿನಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಎಳೆಯುತ್ತಾರೆ. ಬೆಕ್ಕಿನ ಮೈ ಸವರಿದ ಹಾಗೆ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಚುರುಕು ತಾಗಿದರೆ ಟೋ ಕೆಟ್ಟಿದೆ. ಒಳ ಅಂಚೊಂದೇ ಬೋಳಾಗಿದ್ದರೆ ಕ್ಯಾಂಬರ್ ಮೇಲೆ ಅನುಮಾನ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿರಬಹುದು. ತಿಂಗಳುಗಟ್ಟಲೆ ಗಾಡಿ ಹೇಗೆ ಓಡಿದೆ ಎಂಬ ದಾಖಲೆ ಆ ರಬ್ಬರಿನಲ್ಲೇ ಇರುತ್ತದೆ; ಯಂತ್ರ ಹೇಳುವುದು ಆ ಕ್ಷಣದ ಸ್ಥಿತಿಯನ್ನಷ್ಟೇ.

ಇನ್ನು ಜ್ಯಾಕ್ ಮೇಲಿನ ಪರೀಕ್ಷೆ. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಚಕ್ರ ಆಡಿದರೆ ದೋಷ ಬೇರಿಂಗಿನದೋ ಬಾಲ್ ಜಾಯಿಂಟಿನದೋ ಇರಬಹುದು. ಯಾವುದೆಂದು ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳುತ್ತಾರೆ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ್‍ಯಾಕ್. ಲೋವರ್ ಆರ್ಮ್ ಬುಷ್‌ಗಳನ್ನು ಸಲಾಕೆಯಿಂದ ಮೀಟಿ ನೋಡುತ್ತಾರೆ. ರಬ್ಬರ್ ಸೀಳಿದ್ದರೆ ಅಲ್ಲಿಯೇ ಕಾಣುತ್ತದೆ. ಬಿಡಿಭಾಗ ಬದಲಿಸಬೇಕೆಂದಾದರೆ ಮೊದಲು ಅದನ್ನು ಹಾಕಿಸಿ, ಅಲೈನ್‌ಮೆಂಟ್ ಆಮೇಲೆ. ಟೈ ರಾಡ್ ಎಂಡ್ ಬದಲಿಸಿದರಂತೂ ಟೋ ಮತ್ತೆ ಹೊಂದಿಸಲೇಬೇಕು.

ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳಲ್ಲಿ ಹೊಂದಿಸಲು ಬರುವುದು ಮುಂಚಕ್ರದ ಟೋ ಒಂದೇ. ಅಂಥ ಗಾಡಿಯಲ್ಲಿ ಕ್ಯಾಂಬರ್ ಕೆಂಪಾಗಿ ಕಂಡರೆ ಯಾವುದೋ ಭಾಗ ಸವೆದಿದೆ ಅಥವಾ ಗುಂಡಿಗೆ ಬಿದ್ದು ಬಾಗಿದೆ ಎಂದರ್ಥ. ಸ್ಟ್ರಟ್ಟನ್ನೇ ಬಗ್ಗಿಸಿ ಅಂಕಿ ಸರಿಮಾಡಿ ಕೊಡುತ್ತೇವೆಂದರೆ ಖಂಡಿತ ಒಪ್ಪಬೇಡಿ.

ಎಲ್ಲವೂ ಸರಿಯಿದ್ದೂ ಗಾಡಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಟೈರ್‌ಗಳನ್ನು ಅದಲುಬದಲು ಮಾಡಿಸಿ ನೋಡಿ. ಎಳೆತವೂ ಕಡೆ ಬದಲಿಸಿದರೆ ದೋಷ ಟೈರಿನದೇ. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರ್‌ಗಳಿಗೆ ಮಾತ್ರ ಈ ಉಪಾಯ ಬೇಡ.